ಕಾಯಿ ಒಡೆದ ಮೇಲೆ ಆಡಿದ ಮಾತು

ಇಳಕಲ್ ಸೀಮೆಯ ಒಂದು ಖಾಸಗಿ ಗ್ರಾನೈಟ್ ಕ್ವಾರಿಯಲ್ಲಿ ಸಿಬ್ಬಂದಿ ಮತ್ತು ತರಬೇತಿ ಅಧಿಕಾರಿಯಾಗಿದ್ದು ಈಚೆಗೆ ನಿವೃತ್ತಳಾದವಳು ನಾನು. ಈಗ ಬರೆಯುತ್ತಿರುವುದು ನಿವೃತ್ತಿಗೆ ಕೆಲವು ವರ್ಷ ಮೊದಲಿನ, ಕೊರೊನಾ ಹೋಗಿ ಕ್ವಾರಿಗಳ ಕೆಲಸ ಮತ್ತೆ ಬಿರುಸಾಗಿದ್ದ ಕಾಲದ ಒಂದು ದಿನದ ಸಂಗತಿ. ಅಧಿಕಾರಿ ಎಂದೊಡನೆ ಗಟ್ಟಿಗಿತ್ತಿ ಎಂದು ಭಾವಿಸಬೇಡಿ. ನಾನು ಹುಟ್ಟಾ ಪುಕ್ಕಲಿ. ಬಸ್ಸು ಜೋರಾಗಿ ಓಡಿದರೆ ಮುಂದಿನ ಸೀಟಿನ ಕಂಬಿ ಹಿಡಿದು ದುವಾ ಓದುವವಳು. ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಹಿತ್ತಿಲಿಗೆ ಹೋಗಿ ನಿಲ್ಲುವವಳು. ಇಂಥವಳಿಗೆ ದೇವರು ಬಂಡೆ ಉರುಳಿಸುವ ಜಾಗದಲ್ಲಿ ನೌಕರಿ ಕೊಟ್ಟ.

ನನ್ನ ಕೆಲಸ ಕಲ್ಲಿನದಲ್ಲ, ಜನರದು. ಹಾಜರಿ, ರಜೆ, ವಿಮೆ, ಹೊಸಬರಿಗೆ ತರಬೇತಿ, ಜಗಳವಾದರೆ ಇಬ್ಬರನ್ನೂ ಕೂರಿಸಿ ಚಹಾ ಕುಡಿಸುವುದು. ನಲವತ್ತು ದಾಟಿದ ಮೇಲೆ ಹುಚ್ಚು ಹತ್ತಿ ಎಂ.ಬಿ.ಎ.ಗೆ ಹೆಸರು ಹಚ್ಚಿದೆ. ಭಾನುವಾರಕ್ಕೊಮ್ಮೆ ಬಾಗಲಕೋಟೆಯಲ್ಲಿ ಪಾಠ. ಹುನಗುಂದದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ನೋಟ್ಸ್ ಓದುತ್ತ ಹೋಗುವುದು, ಸಂಜೆ ಕತ್ತು ನೋಯಿಸಿಕೊಂಡು ಬರುವುದು. ಎಲ್ಲ ವಿಷಯಗಳಿಗಿಂತ ನನಗೆ ರುಚಿ ಹತ್ತಿದ್ದು ಬಿಸಿನೆಸ್ ಸೈಕಾಲಜಿ. ಕೆಲಸದ ಜಾಗದಲ್ಲಿ ಮನುಷ್ಯ ಯಾಕೆ ಹೀಗೆ ಆಡುತ್ತಾನೆ ಎಂಬುದನ್ನು ಅದು ಒಂದೊಂದು ಮಾಡೆಲ್ ಮಾಡಿ ತೋರಿಸುತ್ತದೆ. ಮಾಡೆಲ್ ಎಂದರೆ ಗೊಂದಲದ ಸಂಗತಿಯನ್ನು ಒಂದು ಚಿತ್ರಕ್ಕೆ ಇಳಿಸಿದ್ದು, ಅಷ್ಟೆ. ಕಲಿತದ್ದನ್ನೆಲ್ಲ ನಾನು ಸೋಮವಾರ ಬೆಳಿಗ್ಗೆ ಕ್ವಾರಿಯ ಮೇಲೆ ಪ್ರಯೋಗ ಮಾಡುತ್ತಿದ್ದೆ. ಹಾಗಾಗಿ ಜನ ನನಗೆ ‘ಮಾಡೆಲ್ ಬಾಯಾರು’, ಅಂದರೆ ಮಾಡೆಲ್ ಮೇಡಂ, ಎಂದು ಹೆಸರಿಟ್ಟರು.

ಕೆಲವು ಮಾಡೆಲ್‌ಗಳು ಚೆನ್ನಾಗಿ ಫಲ ಕೊಟ್ಟವು. ಮನುಷ್ಯನ ಅಗತ್ಯಗಳನ್ನು ಮೆಟ್ಟಿಲುಗಳಂತೆ ಜೋಡಿಸಿದ ಒಂದು ಚಿತ್ರವಿದೆ. ಕೆಳಗಿನ ಮೆಟ್ಟಿಲಲ್ಲಿ ಅನ್ನ, ನೀರು, ನೆರಳು. ಮೇಲಕ್ಕೆ ಹೋದಂತೆ ಸುರಕ್ಷತೆ, ಬಳಗ, ಮಾನ-ಮನ್ನಣೆ. ನಮ್ಮ ಮಾಲಕರು ತಿಂಗಳಿಗೊಬ್ಬ ಉತ್ತಮ ಕೆಲಸಗಾರನ ಫೋಟೋ ಹಾಕೋಣ ಎಂದು ಹೊರಟಾಗ ಆ ಚಿತ್ರ ತೋರಿಸಿ, ಫೋಟೋ ಮೇಲಿನ ಮೆಟ್ಟಿಲು, ಮೊದಲು ಕೆಳಗಿನದು ಕಟ್ಟೋಣ ಎಂದೆ. ಊಟಕ್ಕೆ ಕೂರಲು ತಗಡಿನ ನೆರಳೂ ತಣ್ಣೀರಿನ ಟಾಕಿಯೂ ಬಂದವು. ಅದಾದ ಮೇಲೆ ಕೆಲಸಗಾರರು ನನ್ನ ಮಾಡೆಲ್‌ಗಳನ್ನು ಗೇಲಿ ಮಾಡುವುದನ್ನು ಬಿಡಲಿಲ್ಲ, ಆದರೆ ನೆರಳಲ್ಲಿ ಕೂತು ಮಾಡತೊಡಗಿದರು.

ನೆಲ ಕಚ್ಚಿದ ಮಾಡೆಲ್ ಒಂದಿತ್ತು. ಅದರ ಹೆಸರು ಪ್ರಿ-ಮಾರ್ಟಮ್. ಪೋಸ್ಟ್‌ಮಾರ್ಟಮ್ ಸತ್ತ ಮೇಲಿನ ಪರೀಕ್ಷೆ. ಇದು ಸಾಯುವ ಮೊದಲೇ ಮಾಡುವ ಪರೀಕ್ಷೆ. ಕೆಲಸ ಶುರುವಾಗುವ ಮುನ್ನ ಎಲ್ಲರೂ ಕೂತು, ಈ ಕೆಲಸ ಕೆಟ್ಟೇ ಹೋಗಿದೆ ಎಂದು ಭಾವಿಸಬೇಕು. ಆಮೇಲೆ ಯಾಕೆ ಕೆಟ್ಟಿತು ಎಂದು ಒಬ್ಬೊಬ್ಬರೂ ಕಾರಣ ಹೇಳಬೇಕು. ಕೆಡಬಹುದೇ ಎಂದು ಕೇಳಿದರೆ ಜನ ಧೈರ್ಯ ಹೇಳುತ್ತಾರೆ. ಕೆಟ್ಟಿದೆ, ಯಾಕೆ ಎಂದು ಕೇಳಿದರೆ ಹೊಟ್ಟೆಯೊಳಗಿನ ಅನುಮಾನ ಬಾಯಿಗೆ ಬರುತ್ತದೆ. ಎಷ್ಟು ಚಂದದ ಉಪಾಯ! ಆದರೆ ಇದನ್ನು ಕಂಡುಹಿಡಿದವರು ನಮ್ಮ ಕಡೆ ಬಂದವರಲ್ಲ. ಬಾಗಲಕೋಟೆಯ ತರಗತಿಯಲ್ಲೇ ಅದು ಮುಗ್ಗರಿಸಿತು. ನನ್ನ ಪಕ್ಕದ ಬೆಂಚಿನಲ್ಲಿ ಬಾದಾಮಿಯಿಂದ ಬರುತ್ತಿದ್ದ ಒಬ್ಬರು ಇದ್ದರು, ಹೊಸ ಲಾಡ್ಜ್ ಕಟ್ಟಿಸಿದ್ದರು. ಮೇಷ್ಟ್ರು ಅವರನ್ನೇ ಎಬ್ಬಿಸಿ, ಒಂದು ವರ್ಷದಲ್ಲಿ ನಿಮ್ಮ ಲಾಡ್ಜಿಗೆ ಬೀಗ ಬಿದ್ದಿದೆ, ಕಾರಣ ಹೇಳಿ ಎಂದರು. ಆ ಮನುಷ್ಯನ ಮುಖ ಕಪ್ಪಿಟ್ಟಿತು. “ಸರ್, ಬರೋ ವಾರ ವಾಸ್ತುಶಾಂತಿ ಐತ್ರಿ. ಮೊದಲು ಬಿಡ್ತು ಅನ್ರಿ” ಎಂದವರು, ಮೇಷ್ಟ್ರು ಬಿಡ್ತು ಅನ್ನುವವರೆಗೂ ಕೆಳಗೆ ಕೂರಲೇ ಇಲ್ಲ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಕ್ವಾರಿಯಲ್ಲಿ ಅದೇ ಕಥೆ. ದೊಡ್ಡ ಕಲ್ಲು ಉರುಳಿಸುವ ದಿನ ನಮ್ಮಲ್ಲಿ ಕಾಯಿ ಒಡೆದು ಊದಿನಕಡ್ಡಿ ಹಚ್ಚುತ್ತಾರೆ. ಹಿಂದೂ, ಮುಸಲ್ಮಾನ ಎಲ್ಲರೂ ಕೈಮುಗಿದು ನಿಲ್ಲುತ್ತೇವೆ, ಕಲ್ಲಿನೆದುರು ಎಲ್ಲರೂ ಒಂದೇ. ಕಾಯಿ ಒಡೆದ ಮೇಲೆ ಕಲ್ಲು ನೆಲ ಮುಟ್ಟುವವರೆಗೆ ಕೆಟ್ಟ ಮಾತು ಆಡುವಂತಿಲ್ಲ, ಕೆಲಸ ನಿಲ್ಲಿಸುವಂತಿಲ್ಲ. ಬೀಳುತ್ತೆ, ಒಡೆಯುತ್ತೆ ಎಂಬ ಮಾತೂ ಸಲ್ಲದು. ಕಲ್ಲು ‘ಮಲಗುತ್ತದೆ’ ಅನ್ನಬೇಕು. ನಾನು ಪ್ರಿ-ಮಾರ್ಟಮ್ ಚಾರ್ಟ್ ಗೋಡೆಗೆ ಹಚ್ಚಿದಾಗ ನಮ್ಮ ಫೋರ್‌ಮನ್ ಸಂಗಪ್ಪ ಅದನ್ನು ಓದಿ ತಲೆಯಾಡಿಸಿದ. “ಬಾಯಾರ, ಇದೊಂದು ಬ್ಯಾಡ್ರಿ. ನಾಲಿಗಿ ಮ್ಯಾಲೆ ಬಂದದ್ದು ಕಲ್ಲಿನ ಮ್ಯಾಲೆ ಬರ್ತೈತಿ” ಎಂದ. ಮರುದಿನ ಚಾರ್ಟ್ ಗೋಡೆಯ ಮೇಲೆ ಇರಲಿಲ್ಲ. ಯಾರು ತೆಗೆದರು ಎಂದು ನಾನೂ ಕೇಳಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಓದುಗರಿಗಾಗಿ ಕೆಲಸದ ರೀತಿ ಸ್ವಲ್ಪ ಹೇಳಬೇಕು. ಗ್ರಾನೈಟನ್ನು ಸಿಡಿಸಿದರೆ ಚೂರಾಗುತ್ತದೆ, ಆದ್ದರಿಂದ ಕೊಯ್ಯುತ್ತಾರೆ. ವಜ್ರದ ಮಣಿ ಪೋಣಿಸಿದ ತಂತಿಯೊಂದು ಯಂತ್ರದ ಮೇಲೆ ಗಿರಗಿರ ಸುತ್ತುತ್ತ, ನೀರು ಕುಡಿಯುತ್ತ, ಬಂಡೆಯನ್ನು ಹಿಂದಿನಿಂದಲೂ ಬುಡದಿಂದಲೂ ಬಿಡಿಸುತ್ತದೆ. ಇದಕ್ಕೆ ವೈರ್ ಸಾ ಅನ್ನುತ್ತಾರೆ. ಬಿಡಿಸಿದ ಮೇಲೆ ಬಂಡೆ ಗೋಡೆಯ ಹಾಗೆ ತನ್ನಷ್ಟಕ್ಕೆ ನಿಂತಿರುತ್ತದೆ. ಅದರ ಮುಂದೆ ಮಣ್ಣು, ಕಲ್ಲಿನ ಪುಡಿ ಸುರಿದು ಹಾಸಿಗೆ ಮಾಡುತ್ತಾರೆ. ಹಿಂದಿನ ಸೀಳಿನಲ್ಲಿ ಹೈಡ್ರಾಲಿಕ್ ಜಾಕ್ ಇಟ್ಟು ಮೆಲ್ಲಗೆ ಒತ್ತಿದರೆ ಬಂಡೆ ಮುಂದಕ್ಕೆ ವಾಲಿ ಹಾಸಿಗೆಯ ಮೇಲೆ ಮಲಗುತ್ತದೆ. ಆ ದಿನದ ಬಂಡೆ ಎರಡು ಅಂತಸ್ತಿನ ಮನೆಯಷ್ಟು ಎತ್ತರ, ಒಂದು ಬಸ್ಸಿಗಿಂತ ಉದ್ದ. ಕೆಂಪು ಕಲ್ಲು, ಎಲ್ಲೂ ಮಚ್ಚೆಯಿಲ್ಲ. ಅಂಥ ಕಲ್ಲು ನಮ್ಮ ಕ್ವಾರಿಯಲ್ಲಿ ಅದುವರೆಗೆ ಸಿಕ್ಕಿರಲಿಲ್ಲ. ಮಾಲಕರು ಬೆಳಿಗ್ಗೆಯೇ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಜಾಕ್ ನಡೆಸುವವನು ರಫೀಕ. ನನ್ನ ಒಬ್ಬನೇ ತಮ್ಮ. ಡಿಪ್ಲೊಮಾ ಮುಗಿಸಿ ಅವನೂ ಅಲ್ಲೇ ಸೇರಿದ್ದ. ಜಾಕಿಗೆ ಎಣ್ಣೆ ಒತ್ತುವ ಪಂಪು ಇಟ್ಟಿದ್ದು ಬಂಡೆಯ ಎಡಕ್ಕೆ, ಜಗುಲಿಯಂಥ ಒಂದು ಮೆಟ್ಟಿಲ ಮೇಲೆ. ಅಲ್ಲಿಂದ ಸೀಳು ಎಷ್ಟು ಬಾಯಿ ತೆರೆಯಿತು ಎಂಬುದು ನೇರ ಕಾಣುತ್ತದೆ, ಪಂಪಿನ ಪೈಪೂ ಅಷ್ಟೇ ಉದ್ದ ಇತ್ತು. ಬಂಡೆ ಮುಂದಕ್ಕೆ ಮಲಗುವುದಾದರೆ ಎಡಕ್ಕೆ ನಿಂತವನಿಗೆ ಭಯವಿಲ್ಲ. ಇದು ಲೆಕ್ಕ. ಆದರೆ ನಮ್ಮ ಅಮ್ಮನಿಗೆ ಈ ಲೆಕ್ಕ ಹೇಳಿದವರಾರು? ಬೆಳಿಗ್ಗೆ ಅವನು ಹೊರಟಾಗ ಬಿಸಿಲೆಂದು ಹೊಸ ಟವೆಲ್ ಅವನ ಹೆಗಲಿಗೆ ಹಾಕಿ, ನನ್ನ ಕಡೆ ನೋಡಿ “ನೀ ಅದೀಯಲ್ಲ ಅಲ್ಲೆ, ನೋಡ್ಕೋ ಅವನ್ನ” ಎಂದಳು. ದಿನಾ ಹೇಳುವ ಮಾತೇ. ಅವತ್ತು ಯಾಕೋ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಸಂಗಪ್ಪ ಕಾಯಿ ಒಡೆದ. ಎರಡು ಹೋಳೂ ಸರಿಯಾಗಿ ಬಂದವು, ಎಲ್ಲರೂ ಚೊಲೋ ಆತು ಎಂದರು. ಆದರೆ ಯಾರ ಮುಖದಲ್ಲೂ ಚೊಲೋ ಇರಲಿಲ್ಲ. ಜನರನ್ನು ನೋಡುವುದೇ ನನ್ನ ಕಸುಬಾದ್ದರಿಂದ ನಾನು ಕಲ್ಲು ಬಿಟ್ಟು ಮುಖಗಳನ್ನು ನೋಡುತ್ತಿದ್ದೆ. ವೈರ್ ಸಾ ನಡೆಸುವ ಬಸವರಾಜ ಬಾಯಿ ಮುಚ್ಚಿದವನಲ್ಲ, ಇಡೀ ದಿನ ಯಾರನ್ನಾದರೂ ಕಾಡುತ್ತಿರುವವನು. ಅವತ್ತು ಟಾಕಿಯ ಹತ್ತಿರ ನಿಂತು ಸುಮ್ಮನೆ ಮತ್ತೆ ಮತ್ತೆ ಮುಖ ತೊಳೆಯುತ್ತಿದ್ದ. ಸಂಗಪ್ಪ ಮಣ್ಣಿನ ಹಾಸಿಗೆಯ ಎಡದ ತುದಿಗೆ ಹೋಗಿ ಕಾಲಿನಿಂದ ಒತ್ತಿ ಬಂದ, ಮತ್ತೆ ಹೋಗಿ ಒತ್ತಿ ಬಂದ. ಮೈನ್ಸ್ ಮ್ಯಾನೇಜರ್ ಎಂದರೆ ಕ್ವಾರಿಯ ಸುರಕ್ಷತೆಗೆ ಕಾನೂನಿನ ಪ್ರಕಾರ ಹೊಣೆಗಾರರಾದ ಎಂಜಿನಿಯರು. ಅವರು ಎಲ್ಲಾ ಸರಿ ಐತಲ್ಲ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಎಲ್ಲರೂ “ಸರಿ ಐತ್ರಿ” ಎಂದರು. ಸರಿ ಇದ್ದರೆ ಒಮ್ಮೆ ಕೇಳಿದರೆ ಸಾಕು. ಮೂರು ಸಲ ಕೇಳುವವನಿಗೆ ಬೇಕಾದದ್ದು ಬೇರೆ ಉತ್ತರ.

ನನಗೆ ತಟ್ಟನೆ ತರಗತಿಯ ಇನ್ನೊಂದು ಪಾಠ ನೆನಪಾಯಿತು. ಗುಂಪಿನ ಮೌನ ಎಂದು ಅದಕ್ಕೆ ಹೇಳುತ್ತಾರೆ. ಒಳಗೆ ಎಲ್ಲರಿಗೂ ಅನುಮಾನ, ಹೊರಗೆ ಎಲ್ಲರೂ ಶಾಂತ. ಪ್ರತಿಯೊಬ್ಬನೂ ಉಳಿದವರ ಶಾಂತ ಮುಖ ನೋಡಿ, ಹೆದರಿದವನು ನಾನೊಬ್ಬನೇ ಎಂದು ತಿಳಿದು ಬಾಯಿಗೆ ಬೀಗ ಹಾಕಿಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಇದರ ಮೇಲೆ ಪುಟಗಟ್ಟಲೆ ಬರೆದಿದ್ದೆ. ಈಗ ಅದೇ ಕಣ್ಣೆದುರು ನಿಂತಿತ್ತು. ರಫೀಕ ಜಗುಲಿ ಹತ್ತಿ, ಟವೆಲನ್ನು ಪಂಪಿನ ಪಕ್ಕದ ಕಬ್ಬಿಣದ ಸಲಾಕಿಗೆ ಹಾಕಿ, ತೋಳು ಮಡಚಿಕೊಳ್ಳುತ್ತಿದ್ದ. ಅವನ ತಲೆಯ ಮೇಲೆ ಆ ಕೆಂಪು ಗೋಡೆ ನಿಂತಿತ್ತು.

ಹೋಗಿ ನಿಲ್ಲಿಸಿ ಎನ್ನೋಣವೆಂದರೆ, ಏನೆಂದು ಹೇಳಲಿ? ಕಲ್ಲಿನ ಗಂಧಗಾಳಿ ನನಗೆ ಗೊತ್ತಿಲ್ಲ. ಬಾಯಾರು ತಮ್ಮನ ಸಲುವಾಗಿ ಅಂಜಿ ಕೆಲಸ ನಿಲ್ಲಿಸಿದರು ಎಂದರೆ ಅದು ಸುಳ್ಳೂ ಅಲ್ಲ. ಕಾಯಿ ಒಡೆದ ಮೇಲೆ ನಿಲ್ಲಿಸಿದ ಕೆಲಸದಲ್ಲಿ ಮುಂದೆ ಏನೇ ಕೆಡುಕಾದರೂ ಅದು ನನ್ನ ತಲೆಗೇ ಬರುತ್ತದೆ. ಕೆಟ್ಟ ಮಾತು ಆಡುವಂತಿಲ್ಲ, ಆಡದೆ ಇದ್ದರೆ ಜೀವ ನಿಲ್ಲುತ್ತಿಲ್ಲ. ಆ ಹೊತ್ತಿನಲ್ಲಿ ಬಾದಾಮಿಯ ಲಾಡ್ಜಿನವರ ಮುಖ ಕಣ್ಣಿಗೆ ಕಟ್ಟಿತು. ನಾವು ನಕ್ಕಿದ್ದೆವು. ಆದರೆ ಆ ಮನುಷ್ಯ, ಮೇಷ್ಟ್ರು ‘ಬಿಡ್ತು’ ಅಂದ ಮೇಲೆ ಕೂತರು, ಕೂತು ಪುಸ್ತಕ ತೆರೆದರು! ನಮ್ಮ ಓಣಿಯಲ್ಲೂ ಅಷ್ಟೆ. ಮಕ್ಕಳು ಸಾಯ್ತೇನಿ ಗೀಯ್ತೇನಿ ಎಂದರೆ ಪಕ್ಕದ ಮನೆಯ ಗಂಗವ್ವ ಬಿಡ್ತು ಅನ್ನು ಎಂದು ಗದರುತ್ತಿದ್ದಳು, ನಮ್ಮ ಅಮ್ಮ ಅಲ್ಲಾ ಖೈರ್ ಕರೆ, ದೇವರು ಒಳ್ಳೆಯದು ಮಾಡಲಿ, ಎನ್ನುತ್ತಿದ್ದಳು. ಅಂದರೆ ಅಲ್ಲಿಗೆ ಆ ಮಾತಿನ ವಿಷ ಇಳಿಯಿತು, ಮುಂದಿನ ಕೆಲಸ ನಡೆಯಿತು. ಕೆಟ್ಟ ಮಾತು ಆಡಲು ನಮ್ಮ ಹಿರಿಯರು ಬಾಗಿಲು ಇಟ್ಟೇ ಇದ್ದರು, ನಾನು ಗೋಡೆಗೆ ಚಾರ್ಟ್ ಹಚ್ಚಲು ಹೋಗಿದ್ದೆ.

ಮ್ಯಾನೇಜರ್ ಬಳಿ ಹೋಗಿ, ಎರಡು ನಿಮಿಷ ಎಲ್ಲರನ್ನೂ ತಗಡಿನ ನೆರಳಿಗೆ ಕರೆಯಿರಿ, ಪೂಜೆಯಲ್ಲಿ ಒಂದು ಶಾಸ್ತ್ರ ಉಳಿದಿದೆ ಎಂದೆ. ಅವರು ನನ್ನ ಮುಖ ನೋಡಿದರು. ಏನು ಶಾಸ್ತ್ರ ಎಂದು ಕೇಳದೆ ಸೀಟಿ ಊದಿದರು. ಅವರಿಗೂ ಯಾರಾದರೂ ಕರೆಯಲಿ ಎಂದಿತ್ತೇನೋ. ರಫೀಕನೂ ಇಳಿದು ಬಂದ. ನಾನು ಹೇಳಿದೆ: ಒಬ್ಬೊಬ್ಬರೂ ತಮ್ಮ ಹೊಟ್ಟೆಯೊಳಗಿನ ಒಂದು ಕೆಟ್ಟ ಮಾತು ಆಡಬೇಕು, ಆಡಿದ ಕೂಡಲೇ ಉಳಿದವರೆಲ್ಲ ಕೂಡಿ ‘ಬಿಡ್ತು’ ಅನ್ನಬೇಕು, ಒಳಗೆ ಇಟ್ಟುಕೊಂಡು ಹೋದರೆ ಅದು ಕಲ್ಲಿನ ಮೇಲೆ ಹೋಗುತ್ತದೆ, ಇಲ್ಲೇ ಉಗುಳಿ ಹೋಗೋಣ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ನಾನೇ ಶುರು ಮಾಡಬೇಕಾಯಿತು. ಅಂಜಿಕೆಯನ್ನು ಮುಚ್ಚಲೂ ಹೋಗಲಿಲ್ಲ.

“ಇವತ್ತ ಸಂಜಿಗೆ ನನ್ನ ತಮ್ಮ ಮನಿಗೆ ಬರಂಗಿಲ್ಲ” ಎಂದೆ.

ರಫೀಕ ಕಣ್ಣು ಅಗಲಿಸಿ ನನ್ನನ್ನೇ ನೋಡಿದ. ಸಂಗಪ್ಪ ಎದೆ ಮುಟ್ಟಿಕೊಂಡು ಮೊದಲು ಬಿಡ್ತು ಅಂದ, ಆಮೇಲೆ ಎಲ್ಲರೂ ಅಂದರು. ಬಿಡ್ತು, ಬಿಡ್ತು ಎಂದು ಆ ಸದ್ದು ತಗಡಿಗೆ ತಾಗಿ ತಿರುಗಿ ಬಂತು. ಅದರ ಹಿಂದೆಯೇ ಬಸವರಾಜನ ಬಾಯಿ ಬಿಚ್ಚಿತು.

“ನೀರು ತಪ್ಪು ಜಾಗಾದಾಗ ಬಂತ್ರಿ” ಎಂದ. ವೈರ್ ಸಾಗೆ ಬಿಟ್ಟ ನೀರು ಕಲ್ಲಿನ ಪುಡಿ ಕಲಸಿ ಬೆಳ್ಳಗೆ ಬುಡದಿಂದ ಹೊರಬರಬೇಕು. ಹಿಂದಿನ ದಿನ ಬಂಡೆಯ ಎದುರು ಮೈಯ ನಡುವೆ, ಕೊಯ್ಯದೇ ಇದ್ದ ಕಡೆ, ಬೆಳ್ಳನೆಯ ಒಂದು ಎಳೆ ಜಿನುಗಿತ್ತಂತೆ. ಗಾಳಿಗೆ ಸಿಡಿದದ್ದಿರಬೇಕು ಎಂದು ಅವನು ಒರೆಸಿಬಿಟ್ಟಿದ್ದ. ನಾವು ಬಿಡ್ತು ಅಂದೆವು. ಸಂಗಪ್ಪ, ಎಡಗಡೆ ಹಾಸಿಗೆ ತೆಳ್ಳಗಿದೆ, ಟಿಪ್ಪರ್ ಕೆಟ್ಟಿದ್ದರಿಂದ ಮಣ್ಣು ಕಡಿಮೆ ಬಿತ್ತು ಎಂದ. ಬಿಡ್ತು. ಮ್ಯಾನೇಜರ್, ತಂತಿ ತೂರಿಸಲು ರಂಧ್ರ ಕೊರೆಯುವಾಗ ನಡುಮಧ್ಯೆ ಡ್ರಿಲ್ ಒಮ್ಮೆ ಸಡಿಲಾಗಿ ಓಡಿತ್ತು, ಅದರ ಮೂತಿಯ ಬಿಟ್ ಸವೆದಿದೆ ಎಂದುಕೊಂಡೆ ಎಂದರು. ಬಿಡ್ತು. ಕೊನೆಗೆ ರಫೀಕ ತಲೆ ತಗ್ಗಿಸಿ ಹೇಳಿದ. “ನಿನ್ನೆ ಒತ್ತಡ ಹಾಕಿ ನೋಡಿದ್ನಿ. ಮೀಟರಿನ ಮುಳ್ಳು ಏರಿ, ತಾನಽ ಸ್ವಲ್ಪ ಇಳೀತು. ಪೈಪು ಸೋರತಿರಬೇಕು ಅಂತ ಸುಮ್ಮನಾದ್ನಿ.”

ಈ ಸಲ ಬಿಡ್ತು ಅನ್ನಲು ಎಲ್ಲರೂ ಮರೆತರು. ಒಬ್ಬರನ್ನೊಬ್ಬರು ನೋಡಿದರು. ನಾಲ್ಕೂ ಮಾತು ಬೇರೆ ಬೇರೆ ಇದ್ದಾಗ ಗಾಳಿ, ಟಿಪ್ಪರ್, ಬಿಟ್, ಪೈಪು. ಕೂಡಿದಾಗ ಒಂದೇ ಅರ್ಥ. ಬಂಡೆಯ ನಡುವೆ ಹಿಂದಿನಿಂದ ಮುಂದಿನವರೆಗೆ ಕಣ್ಣಿಗೆ ಕಾಣದ ಬಿರುಕಿದೆ. ಒತ್ತಿದರೆ ಅದು ಒಂದಾಗಿ ಮಲಗುವುದಿಲ್ಲ, ಎರಡಾಗುತ್ತದೆ. ಎಡದ ಹೋಳಿಗೆ ಮುಂದೆ ಸರಿಯಾದ ಹಾಸಿಗೆಯಿಲ್ಲ, ಎಡಕ್ಕೆ ತಡೆಯಿಲ್ಲ. ಅದು ಹೊರಳುವುದು ಜಗುಲಿಯ ಮೇಲೆ. ಮ್ಯಾನೇಜರ್ ಮೆಲುದನಿಯಲ್ಲಿ ಇಷ್ಟನ್ನು ಹೇಳಿ ಮುಗಿಸುವಾಗ ನಾನು ರಫೀಕನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವನು “ಆಪಾ, ನೋಯ್ತದ” ಎಂದ.

ಮಾಲಕರಿಗೆ ಹೇಳುವುದು ಉಳಿಯಿತು. ಬಿರುಕು ಎಂಬ ಮಾತು ಕೇಳಿ ಅವರ ಮುಖ ಕೆಂಪಾಯಿತು, ಕಾಯಿ ಒಡೆದ ಮೇಲೆ ಇದೇನು ಎಂದು ರೇಗಿದರು. ಸಂಗಪ್ಪನೇ ಮುಂದೆ ಹೋಗಿ, “ಮಾಲಕ್ರ, ಕೆಲಸ ನಿಂತಿಲ್ರಿ. ಶಾಸ್ತ್ರ ಮುಗಿಸಾಕತ್ತೀವಿ” ಎಂದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬುಡ ಬಿಟ್ಟ ಬಂಡೆಯನ್ನು ಹಾಗೇ ನಿಲ್ಲಿಸಿಡುವಂತೆಯೂ ಇರಲಿಲ್ಲ, ದೂರದಿಂದ ಮಲಗಿಸುವುದೆಂದಾಯಿತು. ಉದ್ದದ ಪೈಪು ತರಲು ಬಸವರಾಜ ಬೈಕ್ ಹತ್ತಿ ಹುನಗುಂದಕ್ಕೆ ಹೋದ. ಅವನು ಬರುವಷ್ಟರಲ್ಲಿ ಪಂಪನ್ನು ಬಂಡೆಯ ಹಿಂದೆ, ಬಲಗಡೆಯ ಎತ್ತರಕ್ಕೆ ಒಯ್ದೆವು. ಎಡಕ್ಕೂ ಮುಂದಕ್ಕೂ ಒಂದು ನರಪಿಳ್ಳೆ ಇರದಂತೆ ಮ್ಯಾನೇಜರ್ ಹಗ್ಗ ಕಟ್ಟಿಸಿದರು. ಪೈಪು ಜೋಡಿಸಿ ಇನ್ನೇನು ಶುರು ಅನ್ನುವಾಗ ರಫೀಕ, ಟವೆಲ್ ಜಗುಲಿಯ ಮೇಲೇ ಉಳಿಯಿತು, ಓಡಿಹೋಗಿ ತರುತ್ತೇನೆ ಎಂದ. ಜನ್ಮದಲ್ಲಿ ಅವನ ಮೇಲೆ ನಾನು ಕೈ ಎತ್ತಿದವಳಲ್ಲ, ಅವತ್ತು ಎತ್ತಿಬಿಟ್ಟೆ. ಅವನು ಹೋಗಲಿಲ್ಲ.

ಪಂಪು ಶುರುವಾಯಿತು. ನಾನು ದೂರದ ಕಚೇರಿ ಕಟ್ಟೆಯ ಮೇಲೆ ನಿಂತಿದ್ದೆ. ಅಲ್ಲಿಂದ ಬಂಡೆಯ ಎದುರು ಮೈ ಕಾಣುತ್ತಿತ್ತು, ಹಿಂದೆ ನಿಂತ ರಫೀಕ ಕಾಣುತ್ತಿರಲಿಲ್ಲ. ಬಂಡೆ ಮೊದಲು ಅಲುಗಲೇ ಇಲ್ಲ. ಆಮೇಲೆ ತುಸು ತಲೆ ಬಾಗಿಸಿತು. ಎಲ್ಲ ಸುಳ್ಳಾಯಿತೇ, ನಗೆಪಾಟಲಾದೆನೇ ಎಂದು ಒಂದು ಕ್ಷಣ ಅನ್ನಿಸಿತು; ಸುಳ್ಳಾಗಲಿ, ಜೀವಮಾನವೆಲ್ಲ ನಗಲಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಒಣ ಸದ್ದೊಂದು ಬಂತು, ದೊಡ್ಡದಲ್ಲ. ಬಂಡೆಯ ನಡುವೆ ಗೆರೆಯೊಂದು ಕೆಳಗಿನಿಂದ ಮೇಲಕ್ಕೆ ಓಡಿತು. ಬಲದ ಹೋಳು ಮುಂದಕ್ಕೆ ಮಲಗಿತು. ಎಡದ ಹೋಳು ಮುಂದೆ ಬಾಗಿ, ತಡೆದು, ಪಕ್ಕಕ್ಕೆ ತಿರುಗಿ ಜಗುಲಿಯ ಮೇಲೆ ಬಿತ್ತು. ನಾನು ನಿಂತ ಕಟ್ಟೆ ನಡುಗಿತು. ಆಮೇಲೆ ಧೂಳು. ಕ್ವಾರಿಗೆ ಕ್ವಾರಿಯೇ ಕಾಣದಂತಾಯಿತು.

ರಫೀಕ ಬಲಗಡೆ ಹಿಂದೆ ಇದ್ದಾನೆ, ಏನೂ ಆಗಿರಲಾರದು ಎಂದು ತಲೆ ಹೇಳುತ್ತಿತ್ತು. ಎದೆ ಅದನ್ನು ಕೇಳಲಿಲ್ಲ. ಟವೆಲ್‌ಗೆಂದು ಓಡಿದ್ದರೆ? ನಾನು ಅವನ ಹೆಸರು ಕೂಗಿದೆ. ಧೂಳು ಇಳಿಯುವಷ್ಟು ಹೊತ್ತನ್ನು ನಾನು ಹೇಗೆ ಕಳೆದೆನೆಂದು ಬರೆಯಲು ಬರುವುದಿಲ್ಲ. ಅಮ್ಮನ ಮುಖವೊಂದೇ ನೆನಪಿದೆ. ಕೊನೆಗೆ ಮೇಲಿನ ಅಂಚಿನಲ್ಲಿ ಹಿಟ್ಟಿನ ಗಿರಣಿಯಿಂದ ಬಂದವನಂತೆ ಬೆಳ್ಳಗಾದ ಒಂದು ಆಕೃತಿ ಎದ್ದು ಎರಡೂ ಕೈ ಬೀಸಿತು. ನಾನು ಇದ್ದಲ್ಲೇ ಕೂತುಬಿಟ್ಟೆ. ಸಂಗಪ್ಪ ನೀರು ತಂದುಕೊಟ್ಟ. ಮಾಲಕರು ಜಗುಲಿಯಿದ್ದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಆ ಕಡೆಗೆ ಕೈಮುಗಿದರು.

ಅದಾದ ಮೇಲೆ ನಮ್ಮ ಕ್ವಾರಿಯಲ್ಲಿ ಕಾಯಿ ಒಡೆಯುವ ಮೊದಲು ‘ಬಿಡ್ತು’ ಶಾಸ್ತ್ರ ಖಾಯಂ ಆಯಿತು. ಅದನ್ನು ನಡೆಸುತ್ತಿದ್ದುದು ನಾನಲ್ಲ, ಸಂಗಪ್ಪ. ನನ್ನ ಚಾರ್ಟನ್ನು ಕಿತ್ತವನು ತಾನೇ ಎಂದು ಆಮೇಲೆ ಒಪ್ಪಿಕೊಂಡ, ಮಡಚಿ ಮನೆಯಲ್ಲಿ ತಾನು ಮಲಗುವ ಹಾಸಿಗೆಯ ಕೆಳಗೆ ಇಟ್ಟಿದ್ದನಂತೆ. ಬಾಗಲಕೋಟೆಯಲ್ಲಿ ನಾನು ಓದಿದ ಕಾಲೇಜಿನವರು ಈಗಲೂ ಕೆಲವೊಮ್ಮೆ ಮಾತಾಡಲು ಕರೆಯುತ್ತಾರೆ, ಅಲ್ಲಿ ವಿದ್ಯಾರ್ಥಿಗಳು ಕೆಲಸದಲ್ಲಿ ಯಾವ ಮಾಡೆಲ್ ಒಳ್ಳೆಯದು ಎಂದು ಕೇಳುತ್ತಾರೆ. ಮಾಡೆಲ್ ಎಲ್ಲಿಂದಲಾದರೂ ತನ್ನಿ, ಅದಕ್ಕೆ ನಿಮ್ಮ ಜನ ಯಾವ ಬಾಗಿಲಿಂದ ಬರುತ್ತಾರೆಂದು ನೋಡಿ ಎನ್ನುತ್ತೇನೆ. ಇನ್ನೊಂದನ್ನೂ ಹೇಳುತ್ತೇನೆ: ಅಂಜಿಕೆಯನ್ನು ಮುಚ್ಚಿಡಬೇಡಿ. ಅವತ್ತು ಆ ತಗಡಿನ ಕೆಳಗೆ ಎಲ್ಲರೂ ಅಂಜಿದ್ದರು. ನಾನು ಹುಟ್ಟಾ ಪುಕ್ಕಲಿಯಾದ್ದರಿಂದ ನನಗೆ ಅದನ್ನು ಹೇಳಲು ನಾಚಿಕೆ ಕಡಿಮೆ ಇತ್ತು, ಅಷ್ಟೆ.

ಆ ಸಂಜೆ ಇಬ್ಬರೂ ಕೂಡಿಯೇ ಮನೆಗೆ ಹೋದೆವು. ಅಮ್ಮನಿಗೆ ಏನೂ ಹೇಳಬಾರದೆಂದು ದಾರಿಯಲ್ಲೇ ಮಾತಾಗಿತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು. ಮೊದಲು ನೋಡಿದ್ದು ಅವನ ಬರಿ ಹೆಗಲು.

“ಹೊಸಾ ಟವೆಲ್ ಎಲ್ಲೆ ಕಳದೀ?”

ಕ್ವಾರಿಯಲ್ಲೇ ಬಿಟ್ಟುಬಂದೆ ಎಂದು ರಫೀಕ ಗೊಣಗಿದ. ಅಮ್ಮ ಹಣೆ ಬಡಿದುಕೊಂಡಳು. “ಇವತ್ತ ಟವೆಲ್ ಬಿಟ್ಟಿ. ನಾಳೆ ತಲೀನೂ ಅಲ್ಲೇ ಬಿಟ್ಟು ಬರ್ತಿ ನೀ” ಎಂದು ಬೈಯುತ್ತ ಒಳಗೆ ತಿರುಗಿದಳು.

ನಾನು ಅವಳ ಸೆರಗು ಹಿಡಿದು ನಿಲ್ಲಿಸಿದೆ. ಬೈಗುಳ ಅರ್ಧಕ್ಕೇ ನಿಂತಿತು. ನನ್ನ ಮುಖ ನೋಡಿದಳು, ಆಮೇಲೆ ಅವನ ತಲೆಗೂದಲಲ್ಲಿ ಉಳಿದಿದ್ದ ಬಿಳಿ ಧೂಳು ನೋಡಿದಳು.

“ಅಮ್ಮಾ, ಬಿಡ್ತು ಅನ್ನು” ಎಂದೆ.

ಅವಳು ಅವನ ತಲೆಯ ಮೇಲೆ ಕೈಯಿಟ್ಟು, ಮೆಲ್ಲಗೆ, ಬಿಡ್ತು ಅಂದಳು.